ಓದದೆ ಬಿಟ್ಟ ಎರಡನೆಯ ಸಾಲು

ಹತ್ತನೆಯ ತರಗತಿಯ ‘ಜೀವಕ್ರಿಯೆಗಳು’ ಪಾಠಕ್ಕೆ ಬಂದಾಗ ನಾನು ಬೋರ್ಡಿನ ಮೇಲೆ ಜೀರ್ಣಾಂಗಗಳ ಚಿತ್ರ ಬರೆಯುತ್ತೇನೆ. ಯಕೃತ್ತಿಗೆ ಕೆಂಪು ಸೀಮೆಸುಣ್ಣ, ಅದರ ಅಡಿಗೆ ಅಂಟಿಕೊಂಡ ಪಿತ್ತಕೋಶಕ್ಕೆ ಹಸಿರು, ಪಿತ್ತನಾಳಕ್ಕೆ ಹಳದಿ. ಆ ಹಳದಿ ಗೆರೆ ಕೆಳಗಿಳಿದು, ಮೇದೋಜೀರಕ ಗ್ರಂಥಿಯ ತಲೆಭಾಗವನ್ನು ಹಾದು, ಸಣ್ಣ ಕರುಳಿನ ಮೊದಲ ತಿರುವಿನಲ್ಲಿ ತೆರೆದುಕೊಳ್ಳುತ್ತದೆ. ನಾಳ ಕಟ್ಟಿಕೊಂಡರೆ ಏನಾಗುತ್ತದೆ ಎಂದು ಮಕ್ಕಳನ್ನು ಕೇಳುತ್ತೇನೆ. ಎರಡು ಅಂಕದ ಪ್ರಶ್ನೆಯಾಗಿ ಪರೀಕ್ಷೆಗೂ ಕೊಟ್ಟಿದ್ದೇನೆ. 2018ರ ಜೂನ್‌ನಲ್ಲಿ ಅಪ್ಪಯ್ಯನ ಕಣ್ಣು ಹಳದಿಯಾದಾಗ ಈ ಚಿತ್ರ ಬರೆಯಲು ತೊಡಗಿ ನನಗೆ 25 ವರ್ಷವಾಗಿತ್ತು. ಅದೇ ಪ್ರಶ್ನೆ ನನ್ನ ಮನೆಯ ಜಗಲಿಯ ಮೇಲೆ ಎರಡು ತಿಂಗಳು ಕೂತಿತ್ತು. ನಾನು ಅದಕ್ಕೆ ಉತ್ತರ ಕೊಡಲಿಲ್ಲ.

ನಮ್ಮದು ತೀರ್ಥಹಳ್ಳಿ ತಾಲ್ಲೂಕು. ಎರಡು ಎಕರೆ ಅಡಿಕೆ ತೋಟ. ಅಪ್ಪಯ್ಯನಿಗೆ ಆಗ 74. ಮಳೆ ಹಿಡಿಯುವ ಮುಂಚೆ ಮೈಲುತುತ್ತ, ಸುಣ್ಣ ಕಲಸಿ ಕೊಳೆಮದ್ದು ಹೊಡೆಸುವ ಗಡಿಬಿಡಿಯಲ್ಲಿದ್ದರು. ನಾಲ್ಕೈದು ದಿನದಿಂದ ಊಟ ಸೇರುತ್ತಿಲ್ಲ, ಸುಸ್ತು ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಬಡಿಸುತ್ತಿದ್ದ ಅಮ್ಮ ಕೈಲಿದ್ದ ಸೌಟನ್ನು ಹಾಗೇ ಹಿಡಿದು ನಿಂತು, “ಕಣ್ಣು ನೋಡೋ ಇವರದ್ದು” ಎಂದರು. ಕಣ್ಣಿನ ಬಿಳಿ ಭಾಗ ಅರಿಶಿನ ನೀರು ಚಿಮುಕಿಸಿದ ಹಾಗಿತ್ತು. ನೋವು ಎಲ್ಲಿಯೂ ಇಲ್ಲ. ಜ್ವರವಿಲ್ಲ. ನೋವಿಲ್ಲವೆಂಬುದೇ ನಮಗೆ ಸಮಾಧಾನ ತಂದಿತು. ವಯಸ್ಸಾದವರಲ್ಲಿ ನೋವಿಲ್ಲದೆ ಬರುವ ಕಾಮಾಲೆಗೇ ಹೆಚ್ಚು ಹೆದರಬೇಕು ಎಂದು ನನಗೆ ಹೇಳಿದವರು ಶಸ್ತ್ರವೈದ್ಯರು, ಅದೂ ಎಲ್ಲ ಮುಗಿದ ಮೇಲೆ.

ಕಾಮಾಲೆಗೆ ಇಂಗ್ಲಿಷ್ ಮದ್ದಿಲ್ಲ ಎಂಬ ಮಾತು ಕೇಳದೆ ಬೆಳೆದವರು ನಮ್ಮ ಕಡೆ ಸಿಗುವುದಿಲ್ಲ. ಆ ಮಾತು ಪೂರ್ತಿ ಸುಳ್ಳೂ ಅಲ್ಲ. ಕೊಳಕು ನೀರಿನಿಂದ ಹರಡುವ ಹೆಪಟೈಟಿಸ್ ಎ, ಹೆಪಟೈಟಿಸ್ ಇ ವೈರಸ್‌ಗಳಿಂದ ಬರುವ ಕಾಮಾಲೆಗೆ ಅದಕ್ಕೇ ಎಂದು ಮೀಸಲಾದ ಗುಳಿಗೆ ಇಲ್ಲ. ಹೆಚ್ಚಿನವರಲ್ಲಿ ಯಕೃತ್ತು ಕೆಲವು ವಾರಗಳಲ್ಲಿ ತಾನಾಗಿಯೇ ಚೇತರಿಸಿಕೊಳ್ಳುತ್ತದೆ. ಆ ವಾರಗಳಲ್ಲಿ ನೀವು ಏನು ಕುಡಿದಿರುತ್ತೀರೋ ಅದಕ್ಕೆ ಹೆಸರು ಬರುತ್ತದೆ. 1987ರಲ್ಲಿ ನನಗೂ ಹೀಗೇ ಆಗಿತ್ತು. ಶಿವಮೊಗ್ಗದ ಹಾಸ್ಟೆಲಿನ ನೀರು ಕುಡಿದು ಕಾಮಾಲೆ ಬಂದಾಗ ಅಪ್ಪಯ್ಯ ನನ್ನನ್ನು ಪಂಡಿತರೊಬ್ಬರ ಬಳಿಗೆ ಕರೆದುಕೊಂಡು ಹೋಗಿದ್ದರು. ಮೂರು ಬೆಳಿಗ್ಗೆ ನೆಲನೆಲ್ಲಿ ಅರೆದ ರಸ, ಆಮೇಲೆ ಪಥ್ಯ. ಗುಣವಾಯಿತು. ನನ್ನ ಶರೀರವೇ ನನಗೆ ಸಾಕ್ಷಿಯಾಗಿತ್ತು. ವಿಜ್ಞಾನದ ಮೇಷ್ಟ್ರಾಗಿ ಒಂದು ಉದಾಹರಣೆಯಿಂದ ನಿಯಮ ಕಟ್ಟಬಾರದು ಎಂದು ಪಾಠ ಹೇಳುವವನು, ಆ ಒಂದೇ ಉದಾಹರಣೆ ಹಿಡಿದುಕೊಂಡು ಅಪ್ಪಯ್ಯನನ್ನು ಅದೇ ಮನೆಯಂಗಳಕ್ಕೆ ಕರೆದುಕೊಂಡು ಹೋದೆ.

ಅದಕ್ಕೂ ಮೊದಲು ಪೇಟೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದ್ದೆ. ಆ ಹಾಳೆ ಈಗಲೂ ನನ್ನ ಬಳಿ ಇದೆ. ಮೊದಲ ಸಾಲು: ಒಟ್ಟು ಬಿಲಿರುಬಿನ್ 6.8. ಒಂದರ ಆಸುಪಾಸಿನಲ್ಲಿರಬೇಕಾದದ್ದು. ಅಷ್ಟು ಓದಿ, ಜಾಂಡೀಸ್ ಹೌದು ಎಂದುಕೊಂಡು ಹಾಳೆ ಮಡಿಚಿ ಜೇಬಿಗೆ ಹಾಕಿದೆ. ಎರಡನೆಯ ಸಾಲಿನಲ್ಲಿ ಡೈರೆಕ್ಟ್ ಬಿಲಿರುಬಿನ್ 5.4 ಎಂದಿತ್ತು. ಅಂದರೆ ಯಕೃತ್ತು ತನ್ನ ಪಾಲಿನ ಕೆಲಸ ಮಾಡಿ, ನೀರಿನಲ್ಲಿ ಕರಗುವ ಹಾಗೆ ಮಾರ್ಪಡಿಸಿಟ್ಟ ಬಿಲಿರುಬಿನ್ನೇ ಹೆಚ್ಚಿನ ಪಾಲು. ಇನ್ನೂ ಕೆಳಗೆ ಆಲ್ಕಲೈನ್ ಫಾಸ್ಫಟೇಸ್ ಇರಬೇಕಾದ್ದಕ್ಕಿಂತ ನಾಲ್ಕೈದು ಪಟ್ಟು ಏರಿತ್ತು. ವೈರಸ್ ಕಾಮಾಲೆಯಲ್ಲಿ ನೂರು, ಸಾವಿರದ ಲೆಕ್ಕದಲ್ಲಿ ಜಿಗಿಯುವ ಎಸ್‌ಜಿಪಿಟಿ ಮಾತ್ರ ಅಷ್ಟೇನೂ ಏರಿರಲಿಲ್ಲ. ಈ ಮೂರು ಸಾಲುಗಳನ್ನು ಒಟ್ಟಿಗೆ ಓದಿದ ಯಾವ ವೈದ್ಯರೂ ಯಕೃತ್ತಿನ ಕೆಳಗೆ ನಾಳ ಎಲ್ಲೋ ಕಟ್ಟಿದೆ ಎಂದು ಅನುಮಾನಪಟ್ಟು ಹೊಟ್ಟೆಯ ಅಲ್ಟ್ರಾಸೌಂಡ್ ಬರೆದುಕೊಡುತ್ತಿದ್ದರು. ನಾನು ಹಾಳೆಯನ್ನು ಯಾವ ವೈದ್ಯರಿಗೂ ತೋರಿಸಲಿಲ್ಲ.

ಪಂಡಿತರು ಬಡವರು, ದುಡ್ಡು ಮುಟ್ಟದವರು. ವೀಳ್ಯದೆಲೆಯ ಮೇಲೆ ಇಟ್ಟದ್ದಷ್ಟೇ ಸ್ವೀಕರಿಸುವವರು. ಅವರ ಮೇಲೆ ನನ್ನ ದೂರು ಒಂದೂ ಇಲ್ಲ, ಅದು ಯಾಕೆಂದು ಮುಂದೆ ಹೇಳುತ್ತೇನೆ. ಉಪ್ಪು, ಎಣ್ಣೆ, ಖಾರ, ತುಪ್ಪ ಎಲ್ಲ ಬಂದ್. ಗಂಜಿ ಮತ್ತು ನೀರುಮಜ್ಜಿಗೆ. ಅಪ್ಪಯ್ಯ ವ್ರತದಂತೆ ಪಾಲಿಸಿದರು.

ಮೂರನೆಯ ವಾರ ಕಣ್ಣಿನ ಹಳದಿ ತಿಳಿಯಾಯಿತು. ಮತ್ತೆ ರಕ್ತ ಕೊಟ್ಟೆವು. 3.9. ಸ್ಟಾಫ್ ರೂಮಿನಲ್ಲಿ ಹೇಳಿದ್ದೇ ಹೇಳಿದ್ದು. ಶಿವಮೊಗ್ಗದಲ್ಲಿರುವ ತಂಗಿ ಮೊದಲ ದಿನದಿಂದ “ಅಣ್ಣಾ, ಒಂದು ಸ್ಕ್ಯಾನ್ ಮಾಡಿಸು” ಎನ್ನುತ್ತಿದ್ದಳು. ಅವಳಿಗೆ ಫೋನಿನಲ್ಲಿ ದೊಡ್ಡ ಪಾಠವನ್ನೇ ಹೇಳಿದೆ. ನೆಲನೆಲ್ಲಿಯ ಮೇಲೆ ಮದ್ರಾಸಿನಲ್ಲಿ ನಡೆದ ಸಂಶೋಧನೆ 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲೇ ಬಂದಿದೆ, ತಿಳಿಯದೆ ಮಾತಾಡಬೇಡ ಎಂದೆ. ಬಂದದ್ದು ನಿಜ. ಅದು ಹೆಪಟೈಟಿಸ್ ಬಿ ವೈರಸ್ ಶರೀರದಲ್ಲಿ ಉಳಿದುಕೊಂಡವರ ಮೇಲಿನ ಪ್ರಯೋಗ, ಆಮೇಲೆ ಬೇರೆಯವರು ಮಾಡಿ ನೋಡಿದಾಗ ಅದೇ ಫಲ ಸಿಗಲಿಲ್ಲ, ಕಟ್ಟಿದ ನಾಳಕ್ಕೂ ಅದಕ್ಕೂ ಸಂಬಂಧವೇ ಇಲ್ಲ ಎಂಬುದನ್ನೆಲ್ಲ ನಾನು ಓದಿರಲಿಲ್ಲ. ಏನೂ ಓದದ ಅಮ್ಮನ ಎದುರು ತಂಗಿ ವಾದ ಮಾಡಿ ಗೆಲ್ಲಬಹುದಿತ್ತು. ಅರ್ಧ ಓದಿದ ನನ್ನ ಎದುರು ಅವಳಿಗೆ ಆಗಲಿಲ್ಲ.

ಹಳದಿ ಇಳಿದದ್ದೇಕೆ ಎಂಬುದು ತಿಳಿದದ್ದು ಬೆಂಗಳೂರಿನಲ್ಲಿ. ಅಪ್ಪಯ್ಯನಿಗೆ ಇದ್ದದ್ದು ಪಿತ್ತನಾಳ ಕರುಳಿಗೆ ತೆರೆದುಕೊಳ್ಳುವ ಬಾಯಲ್ಲೇ ಬೆಳೆದ ಗಡ್ಡೆ. ಆ ಜಾಗಕ್ಕೆ ವೈದ್ಯರು ಆಂಪುಲ್ಲಾ ಎನ್ನುತ್ತಾರೆ. ಅಲ್ಲಿಯ ಗಡ್ಡೆಯ ಮೇಲ್ಭಾಗ ಕೆಲವೊಮ್ಮೆ ಕೊಳೆತು ಕಳಚಿ ಬೀಳುತ್ತದೆ. ಆಗ ದಾರಿ ಒಂದಿಷ್ಟು ಬಿಟ್ಟು, ಪಿತ್ತ ಹರಿದು, ಕಾಮಾಲೆ ಇಳಿಯುತ್ತದೆ. ಗಡ್ಡೆ ಮತ್ತೆ ಬೆಳೆದಾಗ ಏರುತ್ತದೆ. ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದ ಆ 3.9, ಕ್ಯಾನ್ಸರ್ ಕಳಚಿ ಬಿದ್ದ ಒಂದು ಚೂರಿನ ಅಳತೆ.

ಐದನೆಯ ವಾರ ಹಳದಿ ಮತ್ತೆ ಏರಿತು. ಪಂಡಿತರು ಈ ಸಲ ಅಪ್ಪಯ್ಯನನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ ಬಲಗಡೆಯ ಪಕ್ಕೆಲುಬಿನ ಕೆಳಗೆ ಬೆರಳಿಟ್ಟು ಬಹಳ ಹೊತ್ತು ಒತ್ತಿ ನೋಡಿದರು. ಸಣ್ಣ ಬದನೆಕಾಯಿಯಷ್ಟು ನುಣ್ಣನೆಯ ಏನೋ ಕೈಗೆ ಸಿಗುತ್ತಿತ್ತು. ಒತ್ತಿದರೆ ಅಪ್ಪಯ್ಯನಿಗೆ ನೋಯುತ್ತಿರಲಿಲ್ಲ. ಅವರು ಕೈ ತೊಳೆದುಕೊಂಡು ಬಂದು, “ಮೇಷ್ಟ್ರೇ, ಇದು ನನ್ನ ಮದ್ದಿಗೆ ಬಗ್ಗೋ ಕಾಮಾಲೆ ಅಲ್ಲ. ತಡ ಮಾಡದೆ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ” ಎಂದರು. ಕೂರ್ವಾಸಿಯೇ ಎಂಬ ಸ್ವಿಸ್ ಶಸ್ತ್ರವೈದ್ಯ 1890ರಲ್ಲೇ ಬರೆದಿಟ್ಟ ಸೂಚನೆ ಅದು: ಕಾಮಾಲೆಯ ಜೊತೆಗೆ ಪಿತ್ತಕೋಶ ಉಬ್ಬಿ ಕೈಗೆ ಸಿಕ್ಕರೆ ಕಾರಣ ಕಲ್ಲಾಗಿರುವುದು ಅಪರೂಪ. ಕಲ್ಲಿನಿಂದ ಹಳೆಯದಾದ ಪಿತ್ತಕೋಶ ಸುಕ್ಕುಗಟ್ಟಿರುತ್ತದೆ, ಹಿಗ್ಗುವುದಿಲ್ಲ. ಹಿಗ್ಗಿದೆ ಎಂದರೆ ಕೆಳಗೆ ಬೇರೇನೋ ನಿಧಾನವಾಗಿ ದಾರಿ ಮುಚ್ಚುತ್ತಿದೆ. ಪಂಡಿತರಿಗೆ ಆ ಹೆಸರು ಗೊತ್ತಿರಲಿಕ್ಕಿಲ್ಲ, ಬೆರಳಿಗೆ ಗೊತ್ತಿತ್ತು.

ಅಲ್ಲಿಂದ ನಾನು ನೇರ ಶಿವಮೊಗ್ಗಕ್ಕೆ ಹೋಗಬೇಕಿತ್ತು. ಬೇರೆ ತಾಲ್ಲೂಕಿನ ಇನ್ನೊಬ್ಬ ಪಂಡಿತರ ವಿಳಾಸ ಹುಡುಕಿಕೊಂಡು ಹೋದೆ.

ಯಾಕೆ ಹೋದೆ ಎಂದು ಈ ವರ್ಷಗಳಲ್ಲಿ ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನಾಟಿ ಮದ್ದಿನ ಮೇಲಿನ ನಂಬಿಕೆ ಎಂದು ಬಹಳ ದಿನ ಹೇಳಿಕೊಂಡೆ. ಅದು ನಿಜವಲ್ಲ. ಪಂಡಿತರ ಮುಖ ನೋಡಿದ ಕ್ಷಣದಲ್ಲೇ ನನಗೆ ಅರ್ಥವಾಗಿತ್ತು. ಸ್ಕ್ಯಾನ್ ಮಾಡಿಸಿದರೆ ಒಂದು ಶಬ್ದ ಹೊರಬರುತ್ತದೆ, ಅದನ್ನು ಅಪ್ಪಯ್ಯನ ಎದುರು ನಾನೇ ಹೇಳಬೇಕಾಗುತ್ತದೆ ಎಂಬ ಹೆದರಿಕೆ ಹೊಟ್ಟೆಯೊಳಗೆ ಹೊಕ್ಕಿತ್ತು. ಸ್ಕ್ಯಾನ್ ಆಗುವವರೆಗೆ ಅದು ಬರೀ ಕಾಮಾಲೆಯಾಗಿಯೇ ಉಳಿಯುತ್ತಿತ್ತು. ಹಾಗೆ ಉಳಿಸಿಕೊಳ್ಳಲು ಇನ್ನೊಬ್ಬ ಪಂಡಿತರು ನನಗೆ ಬೇಕಿತ್ತು. ಜೊತೆಗೆ ಮಳೆಗಾಲ, ಆಳಿಲ್ಲ, ಎರಡನೆಯ ಸಲದ ಕೊಳೆಮದ್ದು ಹೊಡೆಸಬೇಕು, ಶಾಲೆಗೆ ರಜೆಯಿಲ್ಲ ಎಂಬ ಕಾರಣಗಳೆಲ್ಲ ಸಾಲಾಗಿ ನಿಂತವು. ಅವೆಲ್ಲ ಕೈಗೆ ಸಿಕ್ಕ ನೆಪಗಳು.

ಆ ಹೊತ್ತಿಗೆ ತುರಿಕೆ ಶುರುವಾಗಿತ್ತು. ಅದನ್ನು ನೋಡದವರಿಗೆ ಹೇಳಿ ತಿಳಿಸುವುದು ಕಷ್ಟ. ಕರುಳಿಗೆ ಹೋಗಬೇಕಾದ ಪಿತ್ತದ ಅಂಶಗಳು ರಕ್ತದಲ್ಲಿ ಸೇರಿ ಅಂಗೈ ಅಂಗಾಲಿನಿಂದ ತುರಿಕೆ ಹತ್ತುತ್ತದೆ, ರಾತ್ರಿ ಜಾಸ್ತಿ. ಅಪ್ಪಯ್ಯ ನಡುರಾತ್ರಿ ಎದ್ದು ಹೋಗಿ ಜಗಲಿಯ ಕಂಬಕ್ಕೆ ಬೆನ್ನು ಉಜ್ಜುತ್ತ ನಿಂತಿರುತ್ತಿದ್ದರು. ಒಳಗೆ ಮಲಗಿದ್ದ ನನಗೆ ಆ ಸದ್ದು ಕೇಳುತ್ತಿತ್ತು. ಎದ್ದು ಹೋಗಿ ಮಾತಾಡಿಸುವ ಧೈರ್ಯ ಬರುತ್ತಿರಲಿಲ್ಲ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಮಲ ಶೇಡಿಮಣ್ಣಿನಂತೆ ಬೆಳ್ಳಗಾಗಿತ್ತು. ಇದು ಅಮ್ಮನಿಗೆ ಗೊತ್ತಿತ್ತು. ಬರೀ ಮಜ್ಜಿಗೆ ಅನ್ನ ಉಂಡರೆ ಇನ್ನೇನು ಬಣ್ಣ ಬರುತ್ತದೆ ಎಂದುಕೊಂಡು ಅವರು ಹೇಳಲಿಲ್ಲ. ನಾನು ಕೇಳಲಿಲ್ಲ. ಮಲಕ್ಕೆ ಬಣ್ಣ ಕೊಡುವುದೇ ಪಿತ್ತ, ಕರುಳಿಗೆ ಪಿತ್ತ ಬರದಿದ್ದರೆ ಮಲ ಬಿಳುಪಾಗುತ್ತದೆ ಎಂಬುದು ನನ್ನ ಆ ಎರಡು ಅಂಕದ ಉತ್ತರದಲ್ಲಿ ಬರುವ ಮಾತು.

ತಂಗಿ ನಾಗರ ಪಂಚಮಿಗೆ ಬಂದಳು. ಬಂದವಳು ಹಾಸಿಗೆಯ ಹೊದಿಕೆ ಒಗೆಯಲು ತೆಗೆದಳು. ತುರಿಸಿಕೊಂಡು ಕೆತ್ತಿಹೋದ ರಕ್ತದ ಕಲೆಗಳು ಅದರ ತುಂಬ ಇದ್ದವು. ಅದೇ ಸಂಜೆ ಅಪ್ಪಯ್ಯನಿಗೆ ನಡುಕ ಹುಟ್ಟಿ, ಹಲ್ಲು ಕಟಕಟಿಸಿ, ಜ್ವರ ಏರಿತು. ನಾನು ಮಳೆಗಾಲದ ಜ್ವರ ಎಂದೆ. ಅವಳು ನನ್ನ ಕಡೆ ತಿರುಗಿಯೂ ನೋಡದೆ ಗಂಡನಿಗೆ ಫೋನ್ ಮಾಡಿ ಕಾರು ತರಿಸಿದಳು. ಕಾಮಾಲೆ ಇದ್ದವರಿಗೆ ನಡುಕದ ಜ್ವರ ಬಂತೆಂದರೆ ಕಟ್ಟಿನಿಂತ ಪಿತ್ತದಲ್ಲಿ ಸೋಂಕು ಹತ್ತಿದೆ ಎಂದರ್ಥ, ಅದು ರಕ್ತಕ್ಕೆ ಹರಡಿದರೆ ಒಂದೆರಡು ದಿನದಲ್ಲಿ ಜೀವ ಹೋಗಬಹುದು. ಆ ರಾತ್ರಿ ಅವಳು ಇಲ್ಲದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಶಿವಮೊಗ್ಗದಲ್ಲಿ ಅಲ್ಟ್ರಾಸೌಂಡ್. ಹತ್ತು ನಿಮಿಷ ಹಿಡಿಯಿತು. ಆರೇಳು ಮಿಲಿಮೀಟರ್ ದಾಟಬಾರದ ಪಿತ್ತನಾಳ 17 ಮಿಲಿಮೀಟರ್ ಆಗಿತ್ತು, ಪಿತ್ತಕೋಶ ಉಬ್ಬಿತ್ತು, ಕಲ್ಲಿರಲಿಲ್ಲ. ಆ ಆಗಸ್ಟ್‌ನಲ್ಲಿ ಘಾಟಿಯಲ್ಲಿ ಗುಡ್ಡ ಕುಸಿದು ಮಂಗಳೂರಿನ ದಾರಿ ನಂಬುವಂತಿರಲಿಲ್ಲ. ಬೆಂಗಳೂರಿಗೆ ಹೋದೆವು. ಬಿಲಿರುಬಿನ್ 19 ದಾಟಿತ್ತು. ಪಿತ್ತವಿಲ್ಲದೆ ಕೊಬ್ಬು ಜೀರ್ಣವಾಗದೆ ವಿಟಮಿನ್ ಕೆ ಕಡಿಮೆಯಾಗಿ ರಕ್ತ ಹೆಪ್ಪುಗಟ್ಟುವುದು ನಿಧಾನವಾಗಿತ್ತು. ಬಾಯಿಯ ಮೂಲಕ ಕ್ಯಾಮೆರಾ ಇರುವ ಕೊಳವೆ ಇಳಿಸಿ, ಕರುಳಿನೊಳಗಿಂದ ಪಿತ್ತನಾಳದ ಬಾಯಿಗೆ ಪ್ಲಾಸ್ಟಿಕ್ ಸ್ಟೆಂಟ್ ತೂರಿಸಿದರು. ಕೀವು ಬೆರೆತ ಕಪ್ಪು ಪಿತ್ತ ಹರಿದು ಬಂತಂತೆ. ಎರಡನೆಯ ದಿನ ಅಪ್ಪಯ್ಯ ಬೆಳಗಿನ ತನಕ ನಿದ್ದೆ ಮಾಡಿದರು.

ಶಸ್ತ್ರವೈದ್ಯರು ನಮ್ಮನ್ನು ಕೂರಿಸಿಕೊಂಡು ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದರು. ನಾನು ಬರೆಯುವ ಅದೇ ಚಿತ್ರ. ಅಪ್ಪಯ್ಯ ಬಗ್ಗಿ ನೋಡಿ, “ಹಂಗಾದ್ರೆ ಬಸಿಗಾಲುವೆ ಬಾಯಿ ಕಟ್ಟಿದೆ ಅನ್ನಿ” ಎಂದರು. “ಹೌದು ಯಜಮಾನ್ರೇ, ಬಾಯಲ್ಲೇ” ಎಂದರು ಡಾಕ್ಟರು. ಮಾಡಬೇಕಾದದ್ದು ವಿಪಲ್ ಶಸ್ತ್ರಚಿಕಿತ್ಸೆ. ಬರ್ಲಿನ್ನಿನಲ್ಲಿ ಕಾಶ್ ಎಂಬುವರು 1909ರಲ್ಲಿ ಇಂಥದ್ದನ್ನು ಮೊದಲು ಯಶಸ್ವಿಯಾಗಿ ಮಾಡಿದರು, ನ್ಯೂಯಾರ್ಕಿನ ಅಲೆನ್ ವಿಪಲ್ 1935ರಲ್ಲಿ ಪ್ರಕಟಿಸಿದ ಮೇಲೆ ಅವರ ಹೆಸರೇ ನಿಂತಿತು. ಗಡ್ಡೆ ಸಣ್ಣದೇ ಇದ್ದರೂ ಅದೊಂದನ್ನೇ ಕಿತ್ತು ತೆಗೆಯಲು ಬರುವುದಿಲ್ಲ. ಅಲ್ಲಿ ಎಲ್ಲ ಒಂದಕ್ಕೊಂದು ಹೆಣೆದುಕೊಂಡಿದೆ, ರಕ್ತನಾಳಗಳೂ ಹಂಚಿಕೊಂಡಿವೆ. ಹಾಗಾಗಿ ಮೇದೋಜೀರಕದ ತಲೆ, ಸಣ್ಣ ಕರುಳಿನ ಮೊದಲ ಭಾಗ, ಪಿತ್ತಕೋಶ, ಪಿತ್ತನಾಳದ ಕೆಳಭಾಗ, ಕೆಲವೊಮ್ಮೆ ಜಠರದ ಕೊನೆಯ ತುಂಡು ಎಲ್ಲವನ್ನೂ ಒಂದೇ ಗಂಟಾಗಿ ತೆಗೆಯಬೇಕು. ಆಮೇಲೆ ಕರುಳನ್ನು ಮೇಲೆಳೆದು, ಉಳಿದ ಮೇದೋಜೀರಕವನ್ನು, ಪಿತ್ತನಾಳವನ್ನು, ಜಠರವನ್ನು ಒಂದೊಂದಾಗಿ ಅದಕ್ಕೆ ಜೋಡಿಸಬೇಕು. ಮೂರು ಜೋಡಣೆಗಳಲ್ಲಿ ಮೇದೋಜೀರಕದ್ದೇ ಹೆದರಿಕೆ. ಆ ಗ್ರಂಥಿ ಬೆಣ್ಣೆಯಂತೆ ಮೆತ್ತಗಿದ್ದರೆ ಹೊಲಿಗೆ ನಿಲ್ಲದೆ, ಅದರ ರಸ ಸೋರಿ ಸುತ್ತಲಿನ ಮಾಂಸವನ್ನೇ ಜೀರ್ಣಿಸತೊಡಗುತ್ತದೆ. ಒಂದು ಕಾಲಕ್ಕೆ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ನಾಲ್ವರಲ್ಲಿ ಒಬ್ಬರು ಆಸ್ಪತ್ರೆಯಲ್ಲೇ ತೀರಿಕೊಳ್ಳುತ್ತಿದ್ದರು. ಈಗ ಇದನ್ನೇ ಮೇಲಿಂದ ಮೇಲೆ ಮಾಡುವ ಕೇಂದ್ರಗಳಲ್ಲಿ ಅದು ನೂರಕ್ಕೆ ಐದಕ್ಕಿಂತ ಕಡಿಮೆ. ಆಂಪುಲ್ಲಾದ ಗಡ್ಡೆ ಬೇಗ ಕಾಮಾಲೆ ತೋರಿಸಿ ತನ್ನನ್ನು ತಾನೇ ಹಿಡಿದುಕೊಡುವುದರಿಂದ, ಮೇದೋಜೀರಕದ ಕ್ಯಾನ್ಸರಿಗಿಂತ ಇದರಲ್ಲಿ ಗುಣವಾಗುವ ಅವಕಾಶ ಹೆಚ್ಚು ಎಂದೂ ಹೇಳಿದರು. ಬೇಗ ಹಿಡಿದುಕೊಡುತ್ತದೆ ಎಂಬ ಆ ಮಾತಿಗೆ ನಾನು ತಲೆ ಎತ್ತಲಿಲ್ಲ.

ಆದರೆ ತಕ್ಷಣ ಕತ್ತಿ ಹಿಡಿಯುವ ಹಾಗಿರಲಿಲ್ಲ. 58 ಕಿಲೋ ಇದ್ದ ಅಪ್ಪಯ್ಯ 47ಕ್ಕೆ ಇಳಿದಿದ್ದರು. ರಕ್ತದ ಆಲ್ಬುಮಿನ್ 2.6. ಸೋಂಕಿನಿಂದ ಸೋತ, ಹೊಟ್ಟೆಗಿಲ್ಲದ ಮೈಯಲ್ಲಿ ಹೊಲಿಗೆ ಕೂಡಿಕೊಳ್ಳುವುದಿಲ್ಲ. ಕ್ಯಾನ್ಸರ್ ಒಂದಷ್ಟು ತೂಕ ತೆಗೆದಿತ್ತು, ಉಳಿದದ್ದನ್ನು ನಾವು ಪಥ್ಯವೆಂದು ತೆಗೆದಿದ್ದೆವು. ಐದು ವಾರ ಬೇಳೆ, ಮೊಸರು, ತುಪ್ಪ, ಪ್ರೋಟೀನ್ ಪುಡಿ ಕೊಟ್ಟು ಮೈ ತುಂಬಿಸಿದರು. ಉಪ್ಪಿನಕಾಯಿ ಹಾಕಿದ ಮೊದಲ ತುತ್ತು ಬಾಯಿಗಿಟ್ಟುಕೊಂಡು ಅಪ್ಪಯ್ಯ ಕಣ್ಣುಮುಚ್ಚಿದ್ದನ್ನು ನಾನು ಮರೆಯಲಾರೆ.

ಸೆಪ್ಟೆಂಬರ್ ಕೊನೆಯಲ್ಲಿ ಶಸ್ತ್ರಚಿಕಿತ್ಸೆ. ಆರು ಗಂಟೆಯಾದರೂ ಬೇಕು, ಏಳೂ ಆಗಬಹುದು ಎಂದಿದ್ದರು. ತಂಗಿ ಬೆಳಿಗ್ಗೆಯೇ ಉಪ್ಪಿಟ್ಟು ಕಟ್ಟಿಸಿಕೊಂಡು ಬಂದಿದ್ದಳು. ಒಳಗೆ ಹೋಗಿ ಎರಡೂವರೆ ಗಂಟೆಯಾಗಿತ್ತು, ಮೈಕಿನಲ್ಲಿ ನಮ್ಮ ಹೆಸರು ಕೂಗಿದರು. ಉಪ್ಪಿಟ್ಟಿನ ಪೊಟ್ಟಣ ಇನ್ನೂ ಬಿಚ್ಚಿರಲಿಲ್ಲ. ಬೇಗ ಕರೆದದ್ದಕ್ಕೆ ಅವಳು ಎದ್ದು ನಿಂತು ನನ್ನ ಕೈ ಹಿಡಿದುಕೊಂಡಳು.

ಯಕೃತ್ತಿನ ಮೇಲ್ಮೈಯಲ್ಲಿ ಅಕ್ಕಿನುಚ್ಚಿನಂಥ ಮೂರು ಬಿಳಿ ಚುಕ್ಕೆಗಳಿದ್ದವಂತೆ. ಸಿ.ಟಿ. ಸ್ಕ್ಯಾನಿಗೆ ಕಾಣದಷ್ಟು ಸಣ್ಣವು. ಒಂದನ್ನು ಕಿತ್ತು ಅಲ್ಲಿಂದಲೇ ಪರೀಕ್ಷೆಗೆ ಕಳಿಸಿ, ಕ್ಯಾನ್ಸರ್ ಎಂದು ಖಾತ್ರಿಯಾದ ಮೇಲೆ ವಿಪಲ್ ಕೈಬಿಟ್ಟರು. ಯಕೃತ್ತಿಗೆ ಹರಡಿದ ಮೇಲೆ ಮೂಲವನ್ನು ತೆಗೆದು ರೋಗಿಗೆ ಹಿಂಸೆ ಕೊಡುವುದರಲ್ಲಿ ಅರ್ಥವಿಲ್ಲ. ಪಿತ್ತನಾಳವನ್ನೂ ಜಠರವನ್ನೂ ಕರುಳಿಗೆ ಬೇರೆ ದಾರಿಯಲ್ಲಿ ಜೋಡಿಸಿ, ಮತ್ತೆ ಕಾಮಾಲೆಯಾಗದಂತೆ, ಊಟ ಕೆಳಗಿಳಿಯುವಂತೆ ಮಾಡಿ ಹೊಟ್ಟೆ ಮುಚ್ಚಿದ್ದರು.

“ಎರಡು ತಿಂಗಳು ಮೊದಲು ಕರ್ಕೊಂಡು ಬಂದಿದ್ರೆ?” ಎಂದು ಕೇಳಿದೆ. ಡಾಕ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಜೂನ್‌ನಲ್ಲಿ ಆ ಚುಕ್ಕೆ ಇತ್ತೋ ಇಲ್ವೋ ನನಗೂ ಗೊತ್ತಾಗಲ್ಲ, ನಿಮಗೂ ಗೊತ್ತಾಗಲ್ಲ” ಎಂದರು. ನನ್ನನ್ನು ಸಮಾಧಾನಪಡಿಸಲು ಹೇಳಿದರು. ಅದೇ ನನ್ನನ್ನು ಇವತ್ತಿಗೂ ಮಲಗಗೊಡದ ಮಾತು. ಜೂನ್‌ನಲ್ಲಿ ಸ್ಕ್ಯಾನ್ ಮಾಡಿಸಿ, ಆಗಲೇ ಹೊಟ್ಟೆ ತೆರೆದು ನೋಡಿದ್ದರೆ ಗೊತ್ತಾಗುತ್ತಿತ್ತು.

ವಾರ್ಡಿನಲ್ಲಿ ಪಕ್ಕದ ಹಾಸಿಗೆಯಲ್ಲಿ ಹಾವೇರಿ ಕಡೆಯ ರೈತರೊಬ್ಬರಿದ್ದರು. ಅದೇ ಗಡ್ಡೆ, ಅದೇ ಜಾಗ. ಕಣ್ಣು ಹಳದಿಯಾದ ಎರಡನೆಯ ವಾರಕ್ಕೇ ಮಗಳು ಸ್ಕ್ಯಾನ್ ಮಾಡಿಸಿದ್ದಳು. ವಿಪಲ್ ಆಗಿ, ಮೇದೋಜೀರಕದ ಹೊಲಿಗೆ ಸೋರಿ, ಹೊಟ್ಟೆಗೆ ಹಾಕಿದ ಕೊಳವೆಯೊಂದಿಗೆ 24 ದಿನ ಮಲಗಿ, ಒಂದು ಹಂತದಲ್ಲಿ ಉಳಿಯುವುದೇ ಅನುಮಾನವಾಗಿ, ಕೊನೆಗೆ ನಡೆದುಕೊಂಡು ಮನೆಗೆ ಹೋದರು. ಈಗಲೂ ಊಟದ ಜೊತೆ ಎನ್‌ಜೈಮ್ ಗುಳಿಗೆ ನುಂಗಬೇಕು, ಸ್ವಲ್ಪ ಸ್ವಲ್ಪವೇ ಉಣ್ಣಬೇಕು, ಸಕ್ಕರೆ ಕಾಯಿಲೆಯೂ ಬಂದಿದೆ. ಯುಗಾದಿಗೆ ತಪ್ಪದೆ ಫೋನ್ ಮಾಡುತ್ತಾರೆ. ಅಪ್ಪಯ್ಯನನ್ನು ಬಹಳ ಹಚ್ಚಿಕೊಂಡಿದ್ದರು.

ಅಪ್ಪಯ್ಯ ಮಂಪರಿನಿಂದ ಎದ್ದವರೇ ಗೋಡೆಯ ಗಡಿಯಾರ ನೋಡಿದರು. ಏನೂ ಕೇಳಲಿಲ್ಲ. ಊರಿಗೆ ಬಂದ ಮೇಲೆ, ಆ ವರ್ಷದ ಮಳೆಗೆ ಕೊಳೆ ಹತ್ತಿ ಉದುರಿದ ಕಾಯಿ ಆರಿಸುತ್ತಿದ್ದಾಗ, “ಕೊಳೆ ಗೊನೆಗೆ ಇಳಿದ ಮೇಲೆ ಮದ್ದು ಹೊಡೆದು ಫಲ ಇಲ್ಲ ಮಾರಾಯ, ಬಿಡು, ಮನಸ್ಸಿಗೆ ಹಚ್ಕೋಬೇಡ” ಎಂದರು. ಅಡಿಕೆಯ ಮಾತಾಡಿದರೋ, ನನಗೆ ಕ್ಷಮೆ ಕೊಟ್ಟರೋ, ಕೇಳುವ ಧೈರ್ಯ ನನಗೆ ಆಗಲೂ ಬರಲಿಲ್ಲ. ಒಂಬತ್ತು ತಿಂಗಳು ತುರಿಕೆಯಿಲ್ಲದೆ, ಹಳದಿಯಿಲ್ಲದೆ, ಉಪ್ಪು ಖಾರ ಉಂಡುಕೊಂಡು ಇದ್ದರು. ಒಂದು ಕೊನೆಕೊಯ್ಲು ನೋಡಿದರು. 2019ರ ಜೂನ್‌ನಲ್ಲಿ ಹೋದರು.

ಮೊದಲ ಪಂಡಿತರ ಮನೆಗೆ ಹೋಗಿ ಎಲ್ಲವನ್ನೂ ಹೇಳಿ ಬಂದೆ. ಅವರು ಈಗ ಕಣ್ಣು ಹಳದಿಯಾಗಿ ಬಂದ ಎಲ್ಲರಿಗೂ ಮೊದಲು ಸ್ಕ್ಯಾನ್ ಕಾಗದ ತನ್ನಿ ಎನ್ನುತ್ತಾರೆ. ಸ್ಟಾಫ್ ರೂಮಿನಲ್ಲಿ ಅಂದು ನನ್ನ ಮಾತು ಕೇಳಿದ ಪ್ರತಿಯೊಬ್ಬರಿಗೂ ಮುಂದೇನಾಯಿತೆಂದು ಹೇಳಿದೆ. ತರಗತಿಯಲ್ಲಿ ಹಳದಿ ಗೆರೆ ಎಳೆದ ಮೇಲೆ ಈಗ ನಾನು ಸೀಮೆಸುಣ್ಣ ಕೆಳಗಿಟ್ಟು ಅಪ್ಪಯ್ಯನ ವಿಷಯ ಹೇಳುತ್ತೇನೆ. ಮನೆಗೆ ಹೋಗಿ ಹೇಳಿ ಎನ್ನುತ್ತೇನೆ.

ನಿಮ್ಮನ್ನೂ ಅದನ್ನೇ ಬೇಡಿಕೊಳ್ಳುತ್ತೇನೆ. ಮನೆಯಲ್ಲಿ ಯಾರದಾದರೂ ಕಣ್ಣು ಹಳದಿಯಾಗಿದ್ದರೆ, ಅದರಲ್ಲೂ ಐವತ್ತು ದಾಟಿದವರಾಗಿದ್ದರೆ, ಮೈ ತುರಿಸುತ್ತದೆಯೇ, ಮಲ ಬೆಳ್ಳಗಾಗಿದೆಯೇ, ಸಕ್ಕರೆ ಕಾಯಿಲೆ ಹೊಸದಾಗಿ ಕಾಣಿಸಿಕೊಂಡಿದೆಯೇ ಎಂದು ನಾಚದೆ ಕೇಳಿ. ರಕ್ತದ ವರದಿಯನ್ನು ವೈದ್ಯರೊಬ್ಬರಿಂದ ಕೊನೆಯ ಸಾಲಿನವರೆಗೆ ಓದಿಸಿ. ನಡುಕದ ಜ್ವರ ಬಂದರೆ ಬೆಳಗಾಗುವವರೆಗೆ ಕಾಯಬೇಡಿ. ಖರ್ಚಿನ ಹೆದರಿಕೆಯಿದ್ದರೆ, ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವಿದೆ. ಮನೆಮದ್ದು ಮಾಡುವುದಿದ್ದರೂ ಮೊದಲ ವಾರದೊಳಗೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿ. ಅಪ್ಪಯ್ಯನಿಗೆ ಶಿವಮೊಗ್ಗದಲ್ಲಿ ಮಾಡಿದ ಆ ಹತ್ತು ನಿಮಿಷದ ಸ್ಕ್ಯಾನ್, ನಮ್ಮ ತಾಲ್ಲೂಕು ಪೇಟೆಯಲ್ಲಿ ರಕ್ತ ಕೊಟ್ಟ ಲ್ಯಾಬಿನಿಂದ ಎರಡು ಅಂಗಡಿ ಆಚೆಗೇ ಇತ್ತು.